ನೆಟ್ಟಗ ಹೋದ್ರ

ಸಪ್ತಾಪುರದ ನನ್ನ ಝೆರಾಕ್ಸ್ ಅಂಗಡಿಗೆ
ಶುಕ್ರವಾರ ಸಂಜಿ ಮುಂದ ಬರ್ತಾಳ ಆ ಹುಡುಗಿ,
ಎತ್ತಿನಗುಡ್ಡದ ಹಾಸ್ಟೆಲ್ಲಿನಾಕಿ,
ಭತ್ತದ ಮ್ಯಾಲ ಏನೋ ಓದಾಕತ್ತಾಳ.
ಹೆಸರು ಯಾಮಿಂಗ್. ನಮ್ಮ ಬಾಯಾಗ ಅದು ಯಾಮಿನಿ ಆಗಿ
ಆಕಿ ತಿದ್ದೂದು ಬಿಟ್ಟು ಎರಡು ವರ್ಷ ಆತು.

"ಅಣ್ಣಾ, ಹುಬ್ಬಳ್ಳಿಯಿಂದ ಝೀರೋಕ್ಕ
ವಿಮಾನದಾಗ ನೆಟ್ಟಗ ಹೋದ್ರ ಎಷ್ಟ ಹೊತ್ತು?"

ಝೀರೋ ಅಂದ್ರ ಸೊನ್ನಿ ಅಂತ ತಿಳಕೊಂಡು
ಮೊದಲ ಸಲ ನಕ್ಕಿದ್ದೆ.
ಅದು ಊರು. ಅರುಣಾಚಲದ ಗುಡ್ಡದ ನಡುವ ಒಂದು ಬಟ್ಟಲ,
ಬಟ್ಟಲ ತುಂಬ ಗದ್ದಿ, ಗದ್ದ್ಯಾಗಿನ ನೀರಾಗ ಮೀನ,
ಅಂಚಿಗೆ ಒಂದು ಗೇಣುದ್ದ ರನ್‌ವೇ.

ಕಂಪ್ಯೂಟರ್ ಹೇಳತೈತಿ:
ಎರಡು ಸಾವಿರದ ಮುನ್ನೂರಾ ಚಿಲ್ಲರ ಕಿಲೋಮೀಟರ್.
ಮೂರು ತಾಸು ಇಪ್ಪತ್ತು ನಿಮಿಷ.
ಯಾವ ವಿಮಾನನೂ ಹಾರದ ದಾರಿಗೆ
ನಿಮಿಷದ ಲೆಕ್ಕ!
ಪೈಲಟ್ ಇಲ್ಲ, ಟಿಕೆಟ್ ಇಲ್ಲ,
ಎದುರು ಗಾಳಿ ಇಲ್ಲ,
ಹೊತ್ತು ಒಂದ ಐತಿ.

ಹೋಗೂದು ಬ್ಯಾರೇನ. ಆಕಿ ಬೆರಳು ಮಡಚ್ತಾಳ:
ಚಿಗರಿ ಬಸ್ಸು, ಹುಬ್ಬಳ್ಳಿ ಸ್ಟೇಷನ್ನು, ಬೆಂಗಳೂರು,
ಗುವಾಹಟಿ ರೈಲಿನಾಗ ರಾತ್ರಿ ಮ್ಯಾಲ ರಾತ್ರಿ,
ಆಮ್ಯಾಲ ಇನ್ನೊಂದು ರೈಲು, ಆಮ್ಯಾಲ ಸುಮೋ,
ಸುಮೋದಾಗ ವಾಂತಿ. ಅದಕ್ಕೂ ಒಂದು ಬೆರಳು.
ಐದನೇ ದಿನ ಮನಿ.

"ಈಗೇನ್ ಹೋಗೂದಿಲ್ಲಣ್ಣಾ. ಸುಮ್ನ ಕೇಳಿದೆ."
ಸುಮ್ನ ಕೇಳಿದ್ದಕ್ಕೂ ಪ್ರಿಂಟ್ ಬೇಕು.
ಎರಡು ರೂಪಾಯಿ. ತಗೊಳ್ಳೂದು ಬಿಟ್ಟೇನಿ.
"ಏನ್ ಮಾಡ್ತಿ ಇಷ್ಟೆಲ್ಲಾ ಹಾಳಿ?" ಅಂದ್ರ,
"ಒದ್ದಿ ಮಾಡಿ ಬೀಜದ ಕೆಳಗ ಹಾಸತೀನಿ.
ನಮ್ಮೂರ ಭತ್ತ. ಇಲ್ಲಿ ಸೆಕಿಗೂ
ಐದನೇ ದಿನಕ್ಕ ಮೊಳಕಿ ಒಡೀತೈತಿ."

ನಾನು ನದಾಫರಾಂವ. ಅಪ್ಪ ಅರಳಿ ಹಿಂಜಿ ಗಾದಿ ಹೊಲೀತಿದ್ದ,
ಅಣ್ಣಿಗೇರಿ, ನರಗುಂದ, ಎಲ್ಲೆ ಕರದ್ರ ಅಲ್ಲೆ.
ಅವನ ಡಬ್ಬ್ಯಾಗಿನ ದಾರ ಇನ್ನೂ ಐತಿ, ಮೇಣ ತಿಕ್ಕಿದ್ದು.
ಮೊನ್ನಿ ಶುಕ್ರವಾರ ಕರೆಂಟ್ ಹೋಗಿತ್ತು. ಆಕಿ ಬಂದು ನಿಂತ್ಲು,
ಕಪ್ಪಗಾದ ಕಂಪ್ಯೂಟರ್ ಕಡೆ ನೋಡಿದ್ಲು, ಹೊರಳಲಿಲ್ಲ.
ಮಾರಾಕ ಇಟ್ಟಿದ್ದ ಭಾರತದ ನಕಾಶಿ ಬಿಚ್ಚಿ
ಇಲ್ಲೊಂದು ಸೂಜಿ, ಅಲ್ಲೊಂದು ಸೂಜಿ ಚುಚ್ಚಿ
ಮೋಂಬತ್ತಿ ಬೆಳಕಿಗೆ ದಾರ ಬಿಗದೆ.

ಕೃಷ್ಣಾ ದಾಟ್ತು. ಗೋದಾವರಿ. ಮಹಾನದಿ. ಗಂಗಾ.
ಬ್ರಹ್ಮಪುತ್ರಾ ಬಂದಾಗ ಆಕಿ ಬಗ್ಗಿದ್ಲು,
ಕೂದಲಕ್ಕ ಬೆಂಕಿ ಹತ್ತೀತು ಅಂತ ನಾ ಮೋಂಬತ್ತಿ ಸರಿಸಿದೆ.
ಐದು ಹೊಳಿ. ದಾರ ಒಂದೀಟೂ ತೊಯ್ದಿರಲಿಲ್ಲ.

ಗಾದಿಗೆ ಅಳತಿ ಹಿಡಿಯೂ ಮುಂದ ಅಪ್ಪ
ನಾಕು ಬೆರಳು ಹೆಚ್ಚಿಗಿ ಬಿಡ್ತಿದ್ದ:
ನಿಂತ ಮನಷ್ಯಾನಕಿಂತ ಮಲಗಿದ ಮನಷ್ಯಾ ಉದ್ದ, ಅಂತಿದ್ದ.
ನಾನೂ ನಾಕು ಬೆರಳು ಬಿಟ್ಟು ಕತ್ತರಿ ಹಾಕಿದೆ.
ಆಕಿ ಬೆರಳಿಗೆ ಸುತಗೊಂಡು ಹ್ವಾದ್ಲು,
ವಾಂತಿ ಎಣಿಸಿದ ಬೆರಳೋ ಬ್ಯಾರೆದೋ, ಕತ್ತಲಾಗ ಕಾಣಲಿಲ್ಲ.

ಈ ಶುಕ್ರವಾರ ಬಂದಿಲ್ಲ.
ಪರೀಕ್ಷಾ ಇರಬೇಕು.

ನಿನ್ನೆ ಒಬ್ಬಾವ ಸಾಲಿ ಹುಡುಗ ನಕಾಶಿ ಕೇಳಿದ.
ಬಿಚ್ಚಿ, ಬೆಳಕಿಗೆ ಹಿಡದು,
"ಇದರಾಗ ಎರಡು ತೂತ ಅದಾವಲ್ರೀ" ಅಂದ.
ಐದು ರೂಪಾಯಿ ಕಡಿಮಿ ಮಾಡಿ ಕೊಟ್ಟೆ.