ಹೋಯ್ತಾ?

ನೆಲಮಾಳಿಗೆಯಿಂದ ಕ್ಯಾಸಿಮಿರ್ ಕೂಗುತ್ತಾನೆ: "ಹೋಯ್ತಾ?"
ಏಣಿಯ ನಾಲ್ಕನೇ ಮೆಟ್ಟಿಲಲ್ಲಿ ಕತ್ತೆತ್ತಿ ನಿಂತ ನಾನು:
"ಇಲ್ಲ. ಇನ್ನೂ ಇದೆ."

ಬಫಲೋದ ಫೆಬ್ರವರಿ. ನಾಲ್ಕಕ್ಕೇ ಕಿಟಕಿಗಳು ಬೂದಿ.
ಸರೋವರದ ಕಡೆಯಿಂದ ಬಂದ ಹಿಮ
ಅವನ ಟ್ರಕ್ಕಿನ ಗಾಲಿ ಮುಚ್ಚುತ್ತಿದೆ.
ಹನ್ನೊಂದು ವರ್ಷವಾಯಿತು ನಾವು ಕಾಗದಕ್ಕೆ ಸಹಿ ಹಾಕಿ.
ಆದರೂ ಯಾವ ಫ್ಯೂಸು ಯಾವ ದೀಪದ್ದು,
ಅವನನ್ನೇ ಕೇಳಬೇಕು.
ಗಂಟೆಗಿಷ್ಟು ಎಂದಿದ್ದ ಎಲೆಕ್ಟ್ರಿಷಿಯನ್
ಪೆಟ್ಟಿಗೆ ತೆರೆದು, ಒಂದು ಶಿಳ್ಳೆ ಹಾಕಿ,
ಫೋನ್ ಮಾಡುತ್ತೇನೆ ಅಂತ ಹೋದವನು ಹೋದ.

ಪೆಟ್ಟಿಗೆಯ ಬಾಗಿಲೊಳಗೆ ಪೆನ್ಸಿಲ್ಲಿನಲ್ಲಿ ಕ್ಯಾಸಿಮಿರನ ಕೋಳಿಕಾಲು ಅಕ್ಷರ:
ಅಡುಗೆಮನೆ. ಮೆಟ್ಟಿಲು. ಹಜಾರ. ಮಗು.
ಆ ಮಗು ಈಗ ನಗರಸಭೆಯ ಹಿಮ ತಳ್ಳುವ ಲಾರಿ ಓಡಿಸುತ್ತಾಳೆ.
ಇವತ್ತು ಎರಡು ಪಾಳಿ.

"ಹೋಯ್ತಾ?"
"ಇಲ್ಲ."
"ಹಜಾರದ್ದು ತೆಗೆದೆನಲ್ಲ!"
"ಉರೀತಾ ಇದೆ ಅಂದೆನಲ್ಲ!"
ಇದೇ ದನಿ, ಇದೇ ಎರಡು ಅಂತಸ್ತು,
ಹಿಂದೆ ಬೇರೆ ಮಾತಿಗೆ.
ಕೊನೆಗೆ "ಮಗು" ಅಂತ ಬರೆದದ್ದನ್ನು ತಿರುಗಿಸಿ ತೆಗೆದ.
ಹಜಾರ ಕತ್ತಲಾಯಿತು.
"ಹೋಯ್ತು," ಅಂದೆ.

ಹಣೆಗೆ ಟಾರ್ಚು ಕಟ್ಟಿಕೊಂಡು ಮೇಲೆ ಬಂದ,
ಏಣಿ ಹಿಡಿದ, ನನ್ನನ್ನಲ್ಲ, ಏಣಿಯನ್ನು.
ಗಾಜಿನ ಬೋಗುಣಿ ಇಳಿಸಿದೆ. ಅಂಚಿಗೆ ಗೋಧಿ ತೆನೆಯ ಚಿತ್ತಾರ,
ತಳದಲ್ಲಿ ಎಷ್ಟೋ ಬೇಸಿಗೆಯ ನೊಣಗಳು,
ಹಗುರ, ಹುರಿದ ಎಳ್ಳಿನ ಹಾಗೆ.
ಮೇಲೆ ಬಟ್ಟೆ ಸುತ್ತಿದ ತಂತಿ.
ಮುಟ್ಟಿದರೆ ಉದುರುತ್ತದೆ, ಉದುರಿ ಕಣ್ಣಿಗೆ ಬೀಳುತ್ತದೆ.
ಅದರ ನಡುವೆ ಒಂದು ಕಬ್ಬಿಣದ ಕೊಳವೆ, ಬಾಯಿಗೆ ಬಿರಡೆ.
"ಗ್ಯಾಸಿನದು," ಅಂದ. "ಕರೆಂಟಿಗೂ ಮೊದಲಿನದು. ಮೂಸಿ ನೋಡು."
ಮೂಸಿದೆ. ಇಲಿ. ಸುಣ್ಣ. ಮತ್ತೇನಿಲ್ಲ.
ಇಷ್ಟು ದಿನ ಹಳೆಯದು ಅಂತ ಬೈದ ದೀಪ
ಇನ್ನೂ ಹಳೆಯದಕ್ಕೆ ಜೋತುಬಿದ್ದು ಉರಿದದ್ದು
ಹದಿನಾರು ವರ್ಷ ಅದರ ಕೆಳಗೇ ಊಟ ಮಾಡಿದ
ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಹೊಸದು ಊಟದ ತಟ್ಟೆಯಂತೆ ಚಪ್ಪಟೆ.
ಇಪ್ಪತ್ತೆರಡು ವರ್ಷ ಬಾಳುತ್ತದೆ ಅಂತ ಡಬ್ಬದ ಮೇಲೆ ಬರೆದಿದೆ.
ಕ್ಯಾಸಿಮಿರ್ ಗಟ್ಟಿಯಾಗಿ ಓದಿದ.
ಇಬ್ಬರೂ ಏನೂ ಅನ್ನಲಿಲ್ಲ, ಆಮೇಲೆ ಒಟ್ಟಿಗೇ ನಕ್ಕೆವು,
ಏಣಿ ಅಲುಗಾಡಿತು.
ಬಲ್ಬು ಬಿಚ್ಚಲು ಬರುವುದಿಲ್ಲವಂತೆ ಇದಕ್ಕೆ.
ಕೆಟ್ಟರೆ ಪೂರ್ತಿ ಎಸೆಯಬೇಕಂತೆ.

ಅವನು ಇಳಿದು ಹೋಗಿ ಕೂಗಿದ: "ಬಂತಾ?"
ಬಂತು. ಬಿಳಿ. ಹಲ್ಲಿನ ಡಾಕ್ಟರ ಕೋಣೆಯಷ್ಟು ಬಿಳಿ.
ಮರಳಿ ಮೇಲೆ ಬಂದವನ ಕಿವಿಯ ಮೇಲಿನ ನರೆ
ಒಂದೊಂದಾಗಿ ಎಣಿಸುವಷ್ಟು.
ಹಳೆಯದರ ಅಗಲ ಹೊಸದಕ್ಕಿಲ್ಲ.
ಸುತ್ತ ಬೆರಳಗಲ ಬಳೆ ಉಳಿದಿದೆ, ಬೆಣ್ಣೆ ಹಳದಿ,
ಮನೆಗೆ ಬಂದ ವರ್ಷ ನಾವೇ ಬಳಿದದ್ದು.
ಆಮೇಲೆ ಬಳಿದ ಬಿಳಿ ಅಲ್ಲಿಗೆ ತಲುಪಿಲ್ಲ.
"ಬಣ್ಣ ಇದೆಯಾ ಕೆಳಗೆ?"
"ಬೇಸಿಗೆಗೆ ನೋಡಿದರಾಯಿತು."

ಹೊರಗೆ ಹಿಮದ ಲಾರಿ ಬಂತು, ಕಿಟಕಿ ನಡುಗಿತು.
ಅದರ ತಿರುಗುದೀಪದ ಹಳದಿ
ಸೂರಿನ ಮೇಲೆ ಒಂದು ಸುತ್ತು ಬಂದು ಹೋಯಿತು.
"ಬ್ರೊನ್ಯಾ ಅಲ್ಲ," ಅಂದೆ. "ಇದು ಅವಳ ರಸ್ತೆಯಲ್ಲ."
"ಗೊತ್ತು," ಅಂದ.
ಇಬ್ಬರೂ ಕಿಟಕಿಗೆ ಹೋಗಿ ನಿಂತೆವು.