ತಾರೀಖಿಲ್ಲದ ಚೂರು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹಿಂದೆ
ನನ್ನದೊಂದು ಮೆಡಿಕಲ್ ಸ್ಟೋರು.
ಹರಾಜು ಮುಗಿಸಿದವರು ಚಹಾಕ್ಕೆ ನಿಲ್ಲುವ ಹೊತ್ತಿಗೆ
ಖೈರುನ್ನೀಸಾ ಬರುತ್ತಿದ್ದಳು,
ಬಿಸಿನೀರಲ್ಲಿ ಎಳೆ ಹುಡುಕಿ ಹುಡುಕಿ
ಬೆರಳ ತುದಿ ಬೆಂದು ಬೆಳ್ಳಗೆ,
ಸೆರಗಿಗೆ ಸತ್ತ ಹುಳುವಿನ ವಾಸನೆ.

‘ಎರಡು ಕೊಡಕ್ಕ.’

ಎರಡೆಂದರೆ ಎರಡೇ ಮಾತ್ರೆ.
ರಕ್ತದ ಕ್ಯಾನ್ಸರಿಗೆ ದಿನಕ್ಕೊಂದು, ನಿಲ್ಲಿಸಬಾರದು
ಎಂದು ಬರೆದಿತ್ತು ದೊಡ್ಡಾಸ್ಪತ್ರೆಯ ಚೀಟಿ.
ಹತ್ತರ ಪಟ್ಟಿಗೆ ಒಂಬತ್ತು ಸಾವಿರದ ನಾನೂರು.
ಆಕೆ ದಿನ ಬಿಟ್ಟು ದಿನ ನುಂಗುತ್ತಿದ್ದಳು,
ಮಗಳ ಫೀಸು ಕಟ್ಟಿದ ವಾರ ಅದೂ ಇಲ್ಲ.
ನಾನು ಕತ್ತರಿ ಹಿಡಿದು ಪಟ್ಟಿ ಕೊಯ್ಯುತ್ತಿದ್ದೆ,
ಬಂಗಾರ ಕೊಯ್ಯುವ ಆಚಾರಿಯ ಹಾಗೆ
ಉಸಿರು ಹಿಡಿದು.

ಕಂಪನಿಯ ಹುಡುಗ ಗಿರಿಧರನನ್ನು ಒಮ್ಮೆ ತಡೆದು ಕೇಳಿದೆ:
ಏನು ಅರೆದು ಹಾಕಿದ್ದೀರಪ್ಪ ಇದರಲ್ಲಿ, ವಜ್ರವ?
ಬ್ಯಾಗು ಕೆಳಗಿಟ್ಟು ಅವನು ಹೇಳಿದ:
ಮೇಡಂ, ಗೆದ್ದ ಮದ್ದು ಇದೊಂದು.
ಇಲಿಯಲ್ಲಿ ಸೋತವು, ಮನುಷ್ಯರಲ್ಲಿ ಸೋತವು,
ಹತ್ತು ವರ್ಷ ದುಡಿದು ಕೈಬಿಟ್ಟವು,
ಅವೆಲ್ಲದರ ಖರ್ಚೂ ಈ ಒಂದರ ತಲೆಯ ಮೇಲಿದೆ.
ಇಪ್ಪತ್ತು ವರ್ಷದ ಪೇಟೆಂಟು ಇಲ್ಲದಿದ್ದರೆ
ಇದನ್ನು ಹುಡುಕೋಕೆ ಯಾರು ಕೂರ್ತಿದ್ದರು?

ಉತ್ತರ ನನಗೆ ಹೊಳೆಯಲಿಲ್ಲ.
ಕತ್ತರಿ ಮಾತ್ರ ಕೈಯಲ್ಲಿತ್ತು.

ಆಷಾಢದ ಒಂದು ಸೋಮವಾರ ಬೀಗ ಬಿತ್ತು,
ಅಲ್ಲ, ಬೀಗ ಕಳಚಿತು; ಇಷ್ಟು ವರ್ಷದ ಮೇಲೆ
ನಾಲಿಗೆಗೆ ಇನ್ನೂ ಅಭ್ಯಾಸವಿಲ್ಲ.
ಅದೇ ಮಾತ್ರೆ, ಹನ್ನೊಂದು ಹೆಸರು,
ಹನ್ನೊಂದು ಬಣ್ಣದ ಡಬ್ಬಿ, ಎರಡೇ ವಾರದಲ್ಲಿ.
ಪಟ್ಟಿಗೆ ಆರುನೂರ ಹನ್ನೆರಡು.
ಗೌರಿಬಿದನೂರಿನ ಹೊಸ ಕಾರ್ಖಾನೆಯಲ್ಲಿ
ಖೈರುನ್ನೀಸಾಳ ತಂಗಿ ಮಗಳಿಗೆ ಪ್ಯಾಕಿಂಗ್ ಕೆಲಸ:
ಬೆಳಗ್ಗೆ ಐದಕ್ಕೆ ಬಸ್ಸು, ತಲೆಗೆ ನೀಲಿ ಟೋಪಿ,
ಪಿಎಫ್ಫು, ತಿಂಗಳ ಏಳಕ್ಕೆ ಬ್ಯಾಂಕಿಗೆ ಸಂಬಳ.
ಹುಡುಗಿಯ ಬೆರಳು ಬೇಯುವುದಿಲ್ಲ.

ಮೊದಲ ಸಲ ಇಡೀ ಪಟ್ಟಿ ಕೊಟ್ಟಾಗ
ಖೈರುನ್ನೀಸಾ ಅದನ್ನು ಹಿಂದೆ ಮುಂದೆ ತಿರುವಿ ನೋಡಿ
‘ಕತ್ತರಿಸಲ್ವಾ?’ ಅಂದಳು.
ಇಷ್ಟು ದಿನ ಬೀಗ ಹಾಕಿದ್ದವರನ್ನು
ನಾನು ಬಾಯಿಗೆ ಬಂದಂತೆ ಬೈದೆ.
ಆಕೆ ಬೈಯಲಿಲ್ಲ.

‘ಗೂಡು ಕಟ್ಟೋವಾಗ ಹುಳಾನ ಮುಟ್ಟಬಾರದಕ್ಕ.
ಮೂರನೇ ದಿನಕ್ಕೇ ಬಿಡಿಸಿದರೆ ಒಳಗಿನ್ನೂ ಹಸಿ,
ಒಡೆದು ಗೂಡೆಲ್ಲ ಕಲೆ, ನೂಲಿಗೆ ಬರಲ್ಲ.
ಹಾಗಂತ ಹನ್ನೆರಡು ದಿನ ಇಟ್ಟುಕೊಂಡ್ರೆ
ಚಿಟ್ಟೆ ತೂತು ಕೊರೆದು ಹೋಯ್ತದೆ,
ಎಳೆ ಎಲ್ಲಾ ತುಂಡು ತುಂಡು.
ಬಿಡಿಸೋ ದಿನ ಅಂತ ಒಂದಿದೆ.
ಅದನ್ನ ಹುಳ ಹೇಳಲ್ಲ, ವ್ಯಾಪಾರಿ ಹೇಳಲ್ಲ.
ನೂಲು ತೆಗೆಯೋರನ್ನ ಕೇಳಬೇಕು.
ಅವರನ್ನ ಯಾರು ಕೇಳ್ತಾರೆ?’

ಚಿಲ್ಲರೆ ಎಣಿಸಿಕೊಂಡು ಹೋದಳು.

ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ ಮುನಿಆಂಜಿನಪ್ಪನಿಗೂ
ಇದೇ ಕಾಯಿಲೆ, ಇದೇ ಮಾತ್ರೆ.
ಅವನು ಯುಗಾದಿಗೆ ಹೋದ,
ಆಷಾಢಕ್ಕೆ ಇನ್ನೂ ಮೂರು ತಿಂಗಳಿತ್ತು.
ಹದಿಮೂರು ದಿನ ಕಳೆದ ಮೇಲೆ ಅವನ ಮಗ ಬಂದು
ಕಾಗದದಲ್ಲಿ ಸುತ್ತಿದ ಮೂರು ಮಾತ್ರೆ ಮೇಜಿನ ಮೇಲಿಟ್ಟ,
‘ದುಡ್ಡು ವಾಪಸ್ ಬೇಡ, ಯಾರಿಗಾದ್ರೂ ಕೊಡಿ.’

ಯಾರಿಗೆ ಕೊಡಲಿ?
ಬ್ಯಾಚಿನ ನಂಬರು, ಕೆಡುವ ತಾರೀಖು,
ಎರಡೂ ಪಟ್ಟಿಯ ಆ ತುದಿಯಲ್ಲಿದ್ದವು.
ಅದನ್ನು ನಾನೇ ಮೊದಲು ಕೊಯ್ದು
ಮಾಘದ ಒಂದು ಮಧ್ಯಾಹ್ನ
ಎರಡು ಮಾತ್ರೆಯ ಲೆಕ್ಕಕ್ಕೆ ಮಾರಿದ್ದೆ.

ಇನ್ಸ್‌ಪೆಕ್ಟರು ಬಂದಾಗಲೆಲ್ಲ
ಗಲ್ಲದ ಕೆಳಗಿನ ಆ ಡ್ರಾಯರು ತೆಗೆಯುವುದಿಲ್ಲ ನಾನು.
ಒಳಗೆ ಮೂರು ಮಾತ್ರೆ, ಪಕ್ಕದಲ್ಲಿ ಕತ್ತರಿ.
ಇವು ಇನ್ನೂ ಕೆಲಸ ಮಾಡುತ್ತವೋ ಇಲ್ಲವೋ
ಹೇಳುವುದಕ್ಕೆ ತಾರೀಖಿಲ್ಲ.