ಕತ್ತರಿ ಇಡುವ ಮುನ್ನ

ಕೌಲ್ ಬಜಾರಿನ ಮಾಬುನ್ನಿಗೆ
ಹೊಲಿಗೆ ಪೆಡಲಿನ ಮೇಲೆ ಕಾಲಿದೆಯೋ ಇಲ್ಲವೋ
ನೋಡಿಯೇ ತಿಳಿಯಬೇಕು ಈಗ.

ಬೆನ್ನುಹುರಿಯ ಚಿತ್ರದಲ್ಲಿ
ಮೂರು ಮಣಿಯುದ್ದ ಬೆಳ್ಳನೆ ಬಾವು.
ಗಡ್ಡೆ ಅಂದರು ಒಬ್ಬರು, ಆಪರೇಷನ್ನಿಗೆ ತಾರೀಕೂ ಕೊಟ್ಟರು.
ವರದಿ ಬರೆಯಬೇಕಾದ ನಾನು ಪೆನ್ನು ಹಿಡಿದು ಕೂತೆ:
ಹತ್ತೇ ದಿನದಲ್ಲಿ ಕಾಲು ಕಸಿಯುತ್ತದೆಯೇ ಗಡ್ಡೆ?
ಹೋದ ತಿಂಗಳು ಒಂದು ಕಣ್ಣು ಮಂಜಾಗಿತ್ತಂತೆ,
ಯಾರೂ ಕೇಳಿರಲಿಲ್ಲ.

ಅವಳೇ ಅಂದಳು:
"ಜೀನ್ಸಿನಾಗ ಗಂಟಿದ್ರ ಕತ್ತರಿ ಹಾಕ್ತೀವ್ರಿ.
ಬ್ಲೀಚ್ ತಿಂದು ಬೆಳ್ಳಗಾಗಿದ್ರ
ಅದೂ ಅದೇ ಬಟ್ಟಿ ಅಲ್ಲೇನ್ರಿ?"

ಐದು ದಿನ ಸ್ಟೀರಾಯ್ಡ್.
ನಾಲ್ಕನೆಯ ಬೆಳಗು ವಾರ್ಡಿನ ನೆಲಕ್ಕೆ ಪಾದ ತಾಗಿಸಿ
"ತಣ್ಣಗೈತಿ" ಅಂದಳು.
ಬಳ್ಳಾರಿಯ ಮೇ ತಿಂಗಳಲ್ಲಿ
ತಣ್ಣಗೈತಿ.

ಎಡಗಾಲು ಇನ್ನೂ ಏನೂ ಹೇಳಿಲ್ಲ.